ಕಣ್ಣಿಡೀ ಬೊಲ್ಪು

ವಿನೋದಾ ಎಂದು ಹೆಸರಿಟ್ಟ ಪುಣ್ಯಾತ್ಮರಿಗೆ ಮುಂದಿನ ಕಥೆ ಗೊತ್ತಿದ್ದಿರಲಿಕ್ಕಿಲ್ಲ. ಶಿರ್ತಾಡಿ ಪೇಟೆಯ ಅವಳ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರು ಮೊದಲು ಅವಳ ಮುಖ ನೋಡುತ್ತಾರೆ, ಆಮೇಲೆ ಬ್ಲೌಸಿನ ಬಟ್ಟೆ ಹೊರಗೆ ತೆಗೆಯುತ್ತಾರೆ. ಮುಖ ಬಿಗಿದಿದ್ದರೆ "ನಾಳೆ ಬರ್ತೇನೆ ಅಕ್ಕಾ" ಎಂದು ಮೆಟ್ಟಿಲಿನಿಂದಲೇ ತಿರುಗುತ್ತಾರೆ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ಮುದುಕಿಯೊಬ್ಬರು ಕೈ ತೋರಿಸಿದರೂ ನಿಲ್ಲಿಸದೆ ಹೋದ ಬಸ್ಸಿನ ಕಂಡಕ್ಟರನನ್ನು ಮರುದಿನ ಅದೇ ನಿಲ್ದಾಣದಲ್ಲಿ ಕೆಳಗಿಳಿಸಿ, ಇಡೀ ಬಸ್ಸಿನ ಎದುರು ತಪ್ಪಾಯ್ತು ಎನ್ನಿಸಿದವಳು ಅವಳು. ಗಂಡ ಮುಂಬೈಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಾನೆ. ವರ್ಷಕ್ಕೊಮ್ಮೆ ಬಂದು, ಹೊಟ್ಟೆತುಂಬ ಬೈಸಿಕೊಂಡು, ಖುಷಿಯಲ್ಲೇ ಹಿಂದೆ ಹೋಗುತ್ತಾನೆ.

ಈಗ ಹೇಳಹೊರಟದ್ದು ಅವಳ ಬದುಕಿನ ಅತಿ ದೊಡ್ಡ ಸಿಟ್ಟಿನ ಸಂಗತಿ. ಅದನ್ನು ಹೇಳುವಾಗ ನನಗೂ ಮೈ ಉರಿಯುತ್ತದೆ, ಮುಚ್ಚಿಡುವುದಿಲ್ಲ.

ವಿನೋದಾಳ ತಾಯಿ ಜಲಜಾಕ್ಷಿ. ಬಂಟರಲ್ಲಿ ಮನೆ ಹೆಣ್ಣಿನ ಕಡೆಯದ್ದು ಎಂದು ಹೇಳುವುದುಂಟು. ಮನೆ ಜಲಜಾಕ್ಷಿಯವರದ್ದೇ ಆಗಿತ್ತು, ಮಾತು ಮಾತ್ರ ಯಾವ ಕಾಲಕ್ಕೂ ಅವರದ್ದಾಗಿರಲಿಲ್ಲ. ಮೊದಲು ಸೋದರಮಾವ ಹೇಳಿದರು, ಆಮೇಲೆ ಗಂಡ ಹೇಳಿದರು, ಗಂಡ ತೀರಿದ ಮೇಲೆ ಮಗ ಹೇಳಿದ, ಮಗ ದುಬೈಗೆ ಹೋದ ಮೇಲೆ ವಿನೋದಾ ಹೇಳಿದಳು. ಬೀಡಿ ಕಟ್ಟಿ, ಗಂಜಿ ಬೇಯಿಸಿ, ಎಲ್ಲರೂ ಉಂಡ ಮೇಲೆ ಉಂಡು ಜಲಜಾಕ್ಷಿ ಮುದುಕಿಯಾದರು. ಅವರ ಅಭಿಪ್ರಾಯ ಕೇಳಿದವರು ಯಾರೂ ಇಲ್ಲ. ಸಾರಿಗೆ ಉಪ್ಪು ಸಾಕಾ ಎಂದು ಅವರೇ ಎಲ್ಲರನ್ನೂ ಕೇಳುತ್ತಿದ್ದರು.

ಮಗ ಶಂಭು, ಅಂದರೆ ವಿನೋದಾಳ ಅಣ್ಣ, ದುಬೈ ಸಾಕು ಎಂದು ಹಿಂದೆ ಬಂದವನು ತೋಡಾರಿನಲ್ಲಿ ರಸ್ತೆ ಬದಿಗೇ ಮನೆ ಕಟ್ಟಿಸಿದ. ಮಾಳಿಗೆಯಲ್ಲಿ ದೊಡ್ಡ ಹಾಲ್. ಮನುಷ್ಯ ಕೆಟ್ಟವನಲ್ಲ. ಕೈಯಲ್ಲಿ ಕೆಲಸವಿಲ್ಲ, ಊರಿನಲ್ಲಿ ನಾಲ್ಕು ಜನ ಗುರುತು ಹಿಡಿಯಬೇಕು ಎಂಬ ಆಸೆಯುಂಟು, ಅಷ್ಟೇ. ಬೆಳ್ತಂಗಡಿ ಕಡೆಯ ಗಣೇಶಪ್ರಸಾದ್ ಮಾಸ್ಟ್ರು ಅವನಿಗೆ ಸಿಕ್ಕಿದ್ದು ಹಾಗೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನಯವಾದ ಮಾತು, ಬಿಳಿ ಪಂಚೆ. ಪ್ರತಿ ಭಾನುವಾರ ಶಂಭುವಿನ ಹಾಲಿನಲ್ಲಿ ಅವರ ಪ್ರವಚನ ಶುರುವಾಯಿತು. ವಿಷಯ ಒಂದೇ, ಬೆಳಕು.

ಕೇಳಲಿಕ್ಕೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ದೇವ ಎಂಬ ಶಬ್ದ ಹುಟ್ಟಿದ್ದು ಹೊಳೆಯುವುದು ಎಂಬ ಅರ್ಥದ ಧಾತುವಿನಿಂದ, ದಿವಸವೂ ದಿವ್ಯವೂ ಅದರ ಮಕ್ಕಳು ಎನ್ನುತ್ತಿದ್ದರು. ಕಾಶಿ ಎಂದರೆ ಪ್ರಕಾಶಿಸುವ ಊರು ಎನ್ನುತ್ತಿದ್ದರು. ಬುದ್ಧ ಎಂದರೆ ಎಚ್ಚರಗೊಂಡವನು. ಮೂಡಬಿದಿರೆಯ ಬಸದಿಗಳಲ್ಲಿ ಜೈನರು ದೀಪಾವಳಿಗೆ ದೀಪ ಹಚ್ಚುವುದು ಮಹಾವೀರರ ನಿರ್ವಾಣದ ನೆನಪಿಗೆ. ನಿರ್ವಾಣವೆಂದರೆ ದೀಪ ನಂದುವುದು, ನೋಡಿ ಎಂಥ ಸೋಜಿಗ, ನಂದಿದ್ದಕ್ಕೆ ಹಚ್ಚುತ್ತೇವೆ ಎನ್ನುತ್ತಿದ್ದರು. ಕನ್ನಡದಲ್ಲಿ ಬಿಳಿ, ಬೆಳ್ಳಿ, ಬೆಳಗು, ಬೆಳಕು ಎಲ್ಲ ಒಂದೇ ಬೇರು, ತುಳುವಿನಲ್ಲಿ ಬಿಳಿ ಬಣ್ಣ ಬೊಲ್ದು, ಬೆಳಕು ಬೊಲ್ಪು, ಅದೂ ಆ ಬೇರಿನದ್ದೇ ಎನ್ನುತ್ತಿದ್ದರು. ಜನ ತಲೆದೂಗುತ್ತಿದ್ದರು. ಇಷ್ಟು ದಿನ ತಾವು ದಿನಾ ಆಡುತ್ತಿದ್ದ ಮಾತಿನ ಒಳಗೆ ಇಷ್ಟೆಲ್ಲ ಇತ್ತಲ್ಲ ಎಂದು ಅವರಿಗೆ ಸಂತೋಷ.

ಸ್ವಲ್ಪ ದಿನ ನನ್ನಲ್ಲಿರಲಿ ಎಂದು ಶಂಭು ತಾಯಿಯನ್ನು ತೋಡಾರಿಗೆ ಕರೆದುಕೊಂಡು ಹೋಗಿದ್ದ. ಒಂದು ಭಾನುವಾರ ಮಾಸ್ಟ್ರು ಮಾತಾಡುತ್ತಿದ್ದಾಗ ಜಲಜಾಕ್ಷಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಎದುರಿಗೆ ಎದೆಮಟ್ಟದ ಹಿತ್ತಾಳೆ ದೀಪ. ಬೆಳಗಿನಿಂದ ಅವರಿಗೆ ತಲೆ ಸಿಡಿಯುತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿ ಒರೆಸಿ ಸಾಕಾಗಿ, ಮಗ್ಗುಲಲ್ಲಿದ್ದವಳಿಗೆ ತುಳುವಿನಲ್ಲಿ ಹೇಳಿದರು: "ಎನ್ನ ಕಣ್ಣ್‌ಡ್ ಪೂರಾ ಬೊಲ್ಪು. ದಾಲಾ ತೋಜುಜಿ."

ಮೈಕಿನ ಹತ್ತಿರವೇ ಕೂತಿದ್ದರಿಂದ ಅದು ಎಲ್ಲರಿಗೂ ಕೇಳಿಸಿತು. ಮಾಸ್ಟ್ರು ಮಾತು ನಿಲ್ಲಿಸಿದರು. ಇನ್ನೊಮ್ಮೆ ಹೇಳಿ ಅಮ್ಮಾ ಎಂದರು. ಜಲಜಾಕ್ಷಿ ಗಾಬರಿಯಿಂದ ಇನ್ನೊಮ್ಮೆ ಹೇಳಿದರು. ಮಾಸ್ಟ್ರು ಕಣ್ಣು ಮುಚ್ಚಿ, ನಿಧಾನವಾಗಿ, ಕನ್ನಡಕ್ಕೆ ತಿರುಗಿಸಿದರು: "ಕೇಳಿದಿರಾ? ನನ್ನ ಕಣ್ಣ ತುಂಬ ಬೆಳಕು. ಬೇರೇನೂ ಕಾಣುವುದಿಲ್ಲ. ತಪಸ್ವಿಗಳು ಬದುಕಿಡೀ ಸವೆಸಿ ಮುಟ್ಟುವ ನೆಲೆ ಇದು. ಈ ತಾಯಿ ಒಂದು ಉಸಿರಿನಲ್ಲಿ ಹೇಳಿಬಿಟ್ಟರು."

ಶಬ್ದಕ್ಕೆ ಶಬ್ದ ಸರಿ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಕೊಡಬೇಕು. ಕಣ್ಣಿಗೆ ಬೆಳ್ಳನೆ ಕವಿದು ಏನೂ ಕಾಣುವುದಿಲ್ಲ ಮಾರಾಯ್ರೇ ಎಂದು ಮುದುಕಿಯೊಬ್ಬರು ಗೋಳು ಹೇಳಿದ್ದು ಅದು! ಆ ಹಾಲಿನಲ್ಲಿ ಕೂತವರೆಲ್ಲ ತುಳು ಮಾತಾಡುವವರೇ. ಅವರವರ ಮನೆಯಲ್ಲಿ ಅಜ್ಜಿಯೊಬ್ಬಳು ಅದೇ ಮಾತನ್ನು ಹೇಳಿದ್ದರೆ ಟಾರ್ಚ್ ಹಾಕಿ ಕಣ್ಣು ನೋಡುತ್ತಿದ್ದರು, ಗದರಿಸಿಯಾದರೂ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದರು. ಮೈಕಿನಲ್ಲಿ, ಪುಸ್ತಕದ ಕನ್ನಡದಲ್ಲಿ ಕೇಳಿದ್ದೇ ತಡ, ಎಲ್ಲರೂ ಕೈ ಮುಗಿದರು. ನಮ್ಮ ಕಡೆಯವರ ಕರ್ಮವೇ ಅದು. ತುಳುವಿನಲ್ಲಿ ಹೇಳಿದರೆ ಮನೆಮಾತು, ಕನ್ನಡದಲ್ಲಿ ಹೇಳಿದರೆ ಉಪದೇಶ.

ಆಮೇಲೆ ಪ್ರತಿ ಭಾನುವಾರ ಅವರನ್ನು ದೀಪದ ಎದುರು ಕುರ್ಚಿ ಹಾಕಿ ಕೂರಿಸಿದರು. ಏನು ಕಾಣ್ತದೆ ಅಮ್ಮಾ ಎಂದು ಕೇಳಿದರು. ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣ್ತದೆ ಎಂದರು ಜಲಜಾಕ್ಷಿ. ಮಾಸ್ಟ್ರು ಅದನ್ನು ಪ್ರಭಾವಳಿ ಎಂದರು. ರಾತ್ರಿ ತಲೆನೋವಿನಿಂದ ಮುದುಕಿ ಗೋಡೆಗೆ ಹಣೆ ಒತ್ತಿ ನರಳಿದರೆ, ಶಕ್ತಿ ಏರುವಾಗ ಹಾಗೆಯೇ ಆಗುವುದು ಎಂದು ಯಾರೋ ಹೇಳಿದರು. ಬಂಟ್ವಾಳದಿಂದ ಕಾರು ಮಾಡಿಕೊಂಡು ಜನ ಬರತೊಡಗಿದರು. ಜ್ಯೋತಿ ಅಮ್ಮ ಎಂದು ಹೆಸರು ಬಿತ್ತು. ಕಾಲಿಗೆ ಬಿದ್ದವರ ತಲೆ ಮೇಲೆ ಕೈ ಇಡಬೇಕೆಂದು ಶಂಭುವೇ ತಾಯಿಗೆ ಕಲಿಸಿಕೊಟ್ಟ. ಕುಲದೀಪಕ!

ವಿನೋದಾಳಿಗೆ ಇದೊಂದೂ ಗೊತ್ತಿರಲಿಲ್ಲ. ಫೋನು ಮಾಡಿದರೆ ಅಮ್ಮ ಧ್ಯಾನದಲ್ಲಿದ್ದಾರೆ ಎಂದು ಅಣ್ಣ ಹೇಳುತ್ತಿದ್ದ. ಅಮ್ಮನಿಗೂ ಧ್ಯಾನಕ್ಕೂ ಎಂಥ ಸಂಬಂಧ ಎಂದು ಅವಳು ನಗಾಡಿದ್ದಳು. ಶಿರ್ತಾಡಿಯಲ್ಲಿ ಅವಳ ಮನೆಗೆ ಎದುರು, ರಸ್ತೆಯ ಆಚೆ ಬದಿಯ ರುಖಿಯಮ್ಮ, ಜಲಜಾಕ್ಷಿಯ ಜೊತೆ ಎಷ್ಟೋ ವರ್ಷ ಬೀಡಿ ಕಟ್ಟಿದವರು, ಒಂದು ಮಧ್ಯಾಹ್ನ ಮಗ ಫೈಝಲನ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದರು.

"ನೋಡು ವಿನೋದಾ, ಇದು ಜಲಜಕ್ಕ ಅಲ್ವಾ? ಯಾರೋ ವಾಟ್ಸಪ್ಪಿನಲ್ಲಿ ಹಾಕಿದ್ದು."

ವಿಡಿಯೋದಲ್ಲಿ ಅಮ್ಮ. ಕೊರಳಲ್ಲಿ ಸೇವಂತಿಗೆ ಮಾಲೆ, ಹಣೆ ತುಂಬ ಕುಂಕುಮ, ಎದುರು ಸಾಲುಗಟ್ಟಿದ ಜನ. ಕೆಳಗೆ ಅಕ್ಷರ ಓಡುತ್ತಿತ್ತು: ಕತ್ತಲೆಯಿಂದ ಬೆಳಕಿನೆಡೆಗೆ, ತೋಡಾರಿನ ಜ್ಯೋತಿ ಅಮ್ಮ. ವಿನೋದಾ ಹೊಲಿಗೆ ಮಿಷನಿನಿಂದ ಎದ್ದಳು.

"ಆ ಕಣ್ಣು ನೋಡು," ಎಂದರು ರುಖಿಯಮ್ಮ. "ನಮ್ಮಲ್ಲೂ ನೂರ್ ಅಂತ ಹೇಳ್ತಾರೆ, ದೇವರ ಬೆಳಕು. ನೂರ್ ದೇವರಿಗೆ ಬಿಟ್ಟದ್ದು. ಈ ಬಿಳಿ ಉಂಟಲ್ಲ, ಇದು ಡಾಕ್ಟರಿಗೆ ತೋರಿಸುವಂಥದ್ದು."

ಅದೇ ದಿನ ಫೈಝಲನ ಕಾರಿನಲ್ಲಿ ತೋಡಾರಿಗೆ ಹೋಗಿ, ಒಂದೆರಡು ದಿನ ಮನೆಗೆ ಬರಲಿ, ಬ್ಲೌಸಿನ ಅಳತೆ ತೆಗೆಯಲಿಕ್ಕುಂಟು ಎಂದು ನೆವ ಹೇಳಿ ವಿನೋದಾ ತಾಯಿಯನ್ನು ಕರೆತಂದಳು. ಸಂಜೆ ಚಾವಡಿಯ ಟ್ಯೂಬ್‌ಲೈಟ್ ಹಾಕಿದಳು. ಜಲಜಾಕ್ಷಿಗೆ ಒಂದು ಅಭ್ಯಾಸ. ಮುಸ್ಸಂಜೆಗೆ ಲೈಟ್ ಬಿದ್ದ ಕೂಡಲೇ, ಎಣ್ಣೆದೀಪವೋ ಕರೆಂಟಿನದ್ದೋ ನೋಡದೆ, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸುವುದು. ಬೀಡಿ ಕಟ್ಟುತ್ತಿದ್ದರೂ ಎಲೆ ಕೆಳಗಿಟ್ಟು ಮುಗಿಯುತ್ತಿದ್ದರು. ಅವತ್ತು ಮುಗಿಯಲಿಲ್ಲ. ಕೈ ಮಡಿಲಲ್ಲೇ ಇತ್ತು. "ಲೈಟ್ ಹಾಕುವುದಿಲ್ವಾ ವಿನೋದಾ, ಹೊತ್ತು ಮುಳುಗಿತಲ್ಲ," ಎಂದರು. ಲೈಟು ಅವರ ತಲೆಯ ಮೇಲೆಯೇ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಮೂಡಬಿದಿರೆಯಲ್ಲಿ ಕಣ್ಣಿನ ಡಾಕ್ಟರು ಟಾರ್ಚ್ ಹಾಕಿ ನೋಡಿದರು, ಯಂತ್ರದ ಎದುರು ಗಲ್ಲ ಇಡಿಸಿ ನೋಡಿದರು, ಮುಖ ಸಣ್ಣದು ಮಾಡಿದರು. ಇನ್ನೂ ಸಣ್ಣ ಪ್ರಾಯದ ಹೆಣ್ಣುಮಗಳು. ಬೇಕಾದಷ್ಟು ಮೆತ್ತಗೆ ಹೇಳಿದಳು, ಆದರೆ ಮೆತ್ತಗೆ ಹೇಳಿದರೂ ಸಂಗತಿ ಸಂಗತಿಯೇ. ಬಲಗಣ್ಣು ಪೂರ್ತಿ ಹೋಗಿದೆ, ಇನ್ನು ಬರುವುದಿಲ್ಲ. ಪೊರೆ ಬಲಿತು ಬಿಳಿಯಾಗಿ ಕಣ್ಣಿನೊಳಗೆ ಒತ್ತಡ ಏರಿದೆ. ತಲೆನೋವು ಅದರಿಂದ. ದೀಪದ ಸುತ್ತ ಕಂಡ ಬಣ್ಣದ ಬಳೆಯೂ ಅದರಿಂದ.

"ಎಡಗಣ್ಣೂ ಅದೇ ದಾರಿಯಲ್ಲಿ ತುಂಬ ಮುಂದೆ ಹೋಗಿದೆ, ಆದರೆ ಅದನ್ನು ಇನ್ನೂ ಉಳಿಸಬಹುದು. ಈ ಹನಿ ಹಾಕಿ, ಮಾತ್ರೆ ಕೊಡಿ, ಒತ್ತಡ ಸ್ವಲ್ಪ ಇಳಿಯುತ್ತದೆ. ಸೋಮವಾರ ಮಂಗಳೂರಿನಲ್ಲಿ ಆಪರೇಷನ್ನಿಗೆ ನಾನು ಹೇಳ್ತೇನೆ. ತಪ್ಪಿಸಬೇಡಿ. ಹನಿ ನಿಲ್ಲಿಸಿದರೆ ಸೋಮವಾರದವರೆಗೆ ಆ ಕಣ್ಣು ಇರುತ್ತದೆ ಅಂತ ನಾನು ಹೇಳಲಿಕ್ಕಾಗುವುದಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ?"

ವಿನೋದಾಳಿಗೆ ಹೇಳಲು ಏನಿತ್ತು? ಇಷ್ಟು ದಿನ ನನ್ನ ತಾಯಿ ದೇವರಾಗಿದ್ದಳು ಡಾಕ್ಟ್ರೇ ಎನ್ನಬೇಕಿತ್ತೇ?

ಮನೆಗೆ ಬಂದು ಹನಿ ಹಾಕಿದಳು. ಎರಡು ದಿನದಲ್ಲಿ ತಲೆನೋವು ಇಳಿಯಿತು, ಜಲಜಾಕ್ಷಿ ಹೊಟ್ಟೆತುಂಬ ಉಂಡರು. ಆದರೆ ಮುಖ ಬಾಡಿತು. ಎಂತಾಯ್ತು ಎಂದರೆ ಹೇಳಲಿಲ್ಲ. ಶನಿವಾರ ವಿನೋದಾ ಅಂಗಡಿಯಿಂದ ಊಟಕ್ಕೆ ಬಂದಾಗ ಮನೆಯಲ್ಲಿ ತಾಯಿ ಇಲ್ಲ. ಶಂಭು ಕಾರು ತಂದು ಕರೆದುಕೊಂಡು ಹೋದನೆಂದು ಫೈಝಲ್ ಹೇಳಿದ. ಹನಿಯ ಸೀಸೆ ದಿಂಬಿನ ಅಡಿಯಲ್ಲಿತ್ತು. ಮರೆತು ಉಳಿದದ್ದಲ್ಲ ಅದು, ಒಂದು ಹಳೇ ಕರವಸ್ತ್ರದಲ್ಲಿ ಸುತ್ತಿ ಅಡಗಿಸಿಟ್ಟದ್ದು.

ವಿನೋದಾ ಫೋನು ಮಾಡಿದಳು. ಅಣ್ಣ ಎತ್ತಿದ ಕೂಡಲೇ ಶುರು ಮಾಡಿದಳು, ಅದರಲ್ಲಿ ಅರ್ಧ ಇಲ್ಲಿ ಬರೆಯುವಂಥದ್ದಲ್ಲ.

"ನಾನು ಎಳ್ಕೊಂಡು ಬಂದದ್ದಲ್ಲ ಮಾರಾಯ್ತಿ," ಎಂದ ಶಂಭು. "ಅಮ್ಮನೇ ಫೋನ್ ಮಾಡಿಸಿದ್ದು. ನೀನು ಹಾಕಿದ ಮದ್ದಿನಿಂದ ಬಳೆ ಕಾಣುವುದು ನಿಂತುಹೋಯ್ತಂತೆ. ನಾಳೆ ಅಷ್ಟು ಜನ ಬರ್ತಾರೆ, ಅವರಿಗೆ ಎಂತ ಹೇಳ್ಲಿ ಅಂತ ಅಳ್ತಾರೆ. ನಾನು ಎಂತ ಮಾಡುವುದು?"

"ಬಲಗಣ್ಣು ಹೋಗಿದೆ ಅಣ್ಣಾ. ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರುಗಳು ಎಲ್ಲದಕ್ಕೂ ಆಪರೇಷನ್ ಹೇಳ್ತಾರೆ. ನಾಳೆಯದ್ದು ಒಂದು ಮುಗಿಯಲಿ, ಮತ್ತೆ ನೋಡುವ."

"ಅಮ್ಮನಿಗೆ ಕೊಡು ಫೋನು."

ಜಲಜಾಕ್ಷಿ ಫೋನಿಗೆ ಬಂದರು. ವಿನೋದಾ ಗದರಿಸಿದಳು, ಹೆದರಿಸಿದಳು, ಕೊನೆಗೆ ಅವಳ ಜೀವಮಾನದಲ್ಲಿ ಮಾಡದ್ದನ್ನು ಮಾಡಿ ಬೇಡಿಕೊಂಡಳು. ಆ ಕಡೆಯಿಂದ ಒಂದೇ ಮಾತು ಬಂತು. "ನನಗೆ ಅಲ್ಲಿ ಎಂತ ಉಂಟು ವಿನೋದಾ? ಇಲ್ಲಿ ಜನ ನನ್ನ ಮಾತಿಗೆ ಕಾಯ್ತಾರೆ." ಫೋನು ಇಟ್ಟರು.

ಭಾನುವಾರ ಮಧ್ಯಾಹ್ನ ಫೈಝಲನ ಕಾರು ತೋಡಾರಿನಲ್ಲಿ ನಿಂತಾಗ ಗೇಟಿನ ಹೊರಗೆ ಚಪ್ಪಲಿಗಳ ರಾಶಿ. ಹಿಂದಿನ ಸೀಟಿನಲ್ಲಿ ರುಖಿಯಮ್ಮ, ನಾನೂ ಬರ್ತೇನೆ ಎಂದು ಹಟ ಮಾಡಿ ಬಂದವರು. ಮಾಳಿಗೆಯ ಹಾಲಿಗೆ ದಪ್ಪ ಪರದೆ ಎಳೆದಿದ್ದರು. ಹಗಲೇ ಕತ್ತಲೆ. ದೀಪ ಎದ್ದು ಕಾಣಬೇಕಲ್ಲ! ನಡುವೆ ಹಿತ್ತಾಳೆ ದೀಪವೊಂದೇ ಉರಿಯುತ್ತಿತ್ತು, ಅದರ ಎದುರು ರೇಷ್ಮೆ ಸೀರೆಯಲ್ಲಿ ಜಲಜಾಕ್ಷಿ. ಮಾಸ್ಟ್ರು ಮೈಕ್ ಹಿಡಿದು, ಗುರು ಎಂಬ ಶಬ್ದದಲ್ಲಿ ಕತ್ತಲೆಗೆ ಒಂದಕ್ಷರ, ಅದನ್ನು ಕಳೆಯುವವನಿಗೆ ಒಂದಕ್ಷರ ಎಂದು ವಿವರಿಸುತ್ತಿದ್ದರು.

ವಿನೋದಾ ಜನರ ಕಾಲು ತುಳಿದುಕೊಂಡೇ ಮುಂದೆ ಹೋದಳು. ಅಣ್ಣ ಅಡ್ಡ ಬಂದ.

"ಗಲಾಟೆ ಮಾಡ್ಬೇಡ ವಿನೋದಾ, ನಿನಗೆ ಕೈ ಮುಗೀತೇನೆ. ಹೊರಗೆ ಮಾತಾಡುವ."

"ಕೈ ತೆಗಿ."

ಅವಳಿಗೆ ಒಂದು ಉಪಾಯ ಹೊಳೆದಿತ್ತು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಈ ಜನ ಕೇಳುವವರಲ್ಲ, ತೋರಿಸಿಯೇ ಕೊಡಬೇಕು. ದೀಪವನ್ನು ಆರಿಸು ಎಂಬ ಮಾತನ್ನೇ ಬಾಯಲ್ಲಿ ಆಡದ ಊರು ನಮ್ಮದು, ಶಾಂತ ಮಾಡು ಎನ್ನುತ್ತೇವೆ. ಮಾಡುವುದಾದರೂ ಹೂವಿನಿಂದ ಬತ್ತಿಯನ್ನು ಮೆಲ್ಲಗೆ ಎಣ್ಣೆಗೆ ತಳ್ಳಿ, ಮನಸ್ಸಿನಲ್ಲೇ ಕ್ಷಮೆ ಕೇಳಿ. ವಿನೋದಾ ಬಗ್ಗಿ, ಕೆನ್ನೆ ಉಬ್ಬಿಸಿ, ಬಾಯಿಯಿಂದ ಊದಿದಳು. ಬತ್ತಿ ಬತ್ತಿಗೂ ಊದಿದಳು. ಎಲ್ಲ ಬತ್ತಿಗಳೂ ಹೋದವು. ಕತ್ತಲೆಯಲ್ಲಿ ಹೊಗೆಯ ವಾಸನೆ ಎದ್ದಿತು. ಹೆಂಗಸರು ಅಯ್ಯೋ ದೇವರೇ ಎಂದು ಎದೆಗೆ ಕೈ ಇಟ್ಟುಕೊಂಡರು.

"ಅಮ್ಮಾ," ಎಂದು ಕೂಗಿದಳು ವಿನೋದಾ, "ಎದುರಿಗೆ ಎಂತ ಕಾಣ್ತದೆ? ಇವರಿಗೆ ಹೇಳು."

ಜಲಜಾಕ್ಷಿಗೆ ಮಗಳ ದನಿ ಕೇಳಿ ಒಂದು ಗಳಿಗೆ ಕಸಿವಿಸಿಯಾಯಿತು. ಆದರೂ ಅಷ್ಟು ಜನರ ಎದುರು ಕೇಳಿದ್ದಕ್ಕೆ ಹೇಳಬೇಕಲ್ಲ. ಬೆನ್ನು ನೆಟ್ಟಗೆ ಮಾಡಿ, ದೀಪವಿದ್ದ ಕಡೆ ಮುಖವಿಟ್ಟು, ಮಾಸ್ಟ್ರು ಕಲಿಸಿಕೊಟ್ಟ ಕನ್ನಡದಲ್ಲಿ ಹೇಳಿದರು: "ಜ್ಯೋತಿ ಕಾಣ್ತದೆ. ದೊಡ್ಡ ಜ್ಯೋತಿ."

ಆಮೇಲೆ ಒಬ್ಬ ಗಂಡಸು ದೊಡ್ಡ ದನಿಯಲ್ಲಿ ಅಮ್ಮಾ ಎಂದ. ಇನ್ನೊಬ್ಬಳು ಅತ್ತಳು. ದಬದಬ ಎಂದು ಜನ ಕತ್ತಲೆಯಲ್ಲೇ ಅಡ್ಡಬಿದ್ದರು. ಮಾಸ್ಟ್ರು ಮೈಕನ್ನು ಬಾಯಿಯ ಹತ್ತಿರ ತಂದರು. "ಹೊರಗಿನ ದೀಪ ನಂದಿಯೇ ಹೋಯಿತು, ಅಮ್ಮನ ಒಳಗಿನ ಜ್ಯೋತಿ ಹಾಗೆಯೇ ಉಂಟು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?"

ನೋಡಿ ಎಂಥ ಜನ! ಕಣ್ಣು ಹೋದದ್ದಕ್ಕೆ ಅವಳು ಸಾಕ್ಷಿ ಕೊಟ್ಟರೆ, ಅದನ್ನೇ ಎತ್ತಿಕೊಂಡು ದೇವರಿಗೆ ಸಾಕ್ಷಿ ಮಾಡಿಕೊಂಡರಲ್ಲ! ಇವರಿಗೆ ಏನು ತೋರಿಸಿದರೂ ಅಷ್ಟೇ. ಸಿಟ್ಟಿನಲ್ಲಿ ಅವಳಿಗೆ ಅಳು ಬಂದದ್ದು ಅದೇ ಮೊದಲು.

"ಮಾಸ್ಟ್ರೇ," ಎಂದಳು. ಮೈಕ್ ಬೇಕಾಗಲಿಲ್ಲ. "ನಿಮಗೆ ತುಳು ಬರ್ತದಲ್ಲ? ಅಮ್ಮ ಅವತ್ತು ಹೇಳಿದ್ದೆಂತ? ಕಣ್ಣ್‌ಡ್ ಪೂರಾ ಬೊಲ್ಪು. ನಿಮ್ಮ ಅಮ್ಮ ಹಾಗೆ ಹೇಳಿದ್ರೆ ನೀವು ಮೈಕ್ ಹಿಡೀತಿದ್ರಾ? ಬಿಳಿ, ಬೆಳಕು ಒಂದೇ ಬೇರು ಅಂತ ಹೇಳಿದ್ದು ನೀವೇ ಅಲ್ವಾ? ಹೌದು, ಒಂದೇ ಬೇರು! ಅಮ್ಮನ ಕಣ್ಣಲ್ಲಿ ಕೂತದ್ದು ಆ ಬಿಳಿಯೇ, ಪೊರೆ! ಒಂದು ಕಣ್ಣು ನುಂಗಿ ಆಯ್ತು, ಇನ್ನೊಂದನ್ನು ನುಂಗ್ತಾ ಉಂಟು, ನೀವು ಅದಕ್ಕೆ ಹೂ ಹಾಕ್ತಾ ಇದ್ದೀರಿ. ನಿಮ್ಮ ಕೈಯಲ್ಲಿ ಎಲ್ಲ ಶಬ್ದದ ಬೇರು ಉಂಟು. ಎದುರು ಕೂತ ಮುದುಕಿಯ ಕಣ್ಣು ನೋಡ್ಲಿಕ್ಕೆ ಪುರುಸೊತ್ತಿಲ್ಲ!"

ಯಾರೋ ಹಿಂದಿನಿಂದ, ಇವಳನ್ನು ಹೊರಗೆ ಹಾಕಿ ಎಂದರು. ಶಂಭು ಅಲುಗಾಡಲಿಲ್ಲ. ಅವನು ತಾಯಿಯನ್ನೇ ನೋಡುತ್ತಿದ್ದ, ಕತ್ತಲ್ಲಿ ಎಷ್ಟು ಕಾಣುತ್ತದೋ ಅಷ್ಟು.

ಜಲಜಾಕ್ಷಿಗೆ ಈ ಗದ್ದಲದಲ್ಲಿ ಕಿವಿಗೆ ಬಿದ್ದದ್ದು ಮಾಸ್ಟ್ರ ಮಾತಿನ ಮೊದಲ ತುಂಡು ಮಾತ್ರ. ಹೊರಗಿನ ದೀಪ ನಂದಿಹೋಯಿತು ಎಂಬುದು. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೈ ಚಾಚಿದರು. ಕೈ ತಡಕಾಡಿ ದೀಪದ ಕಂಬ ಮುಟ್ಟಿತು, ಮೇಲೇರಿ ತಟ್ಟೆಯ ಅಂಚು ಮುಟ್ಟಿತು, ಬೆರಳು ಬೆಚ್ಚಗಿನ ಎಣ್ಣೆಗೆ ಇಳಿಯಿತು. ಬತ್ತಿಯನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಯಾವುದೂ ಸುಡಲಿಲ್ಲ.

"ವಿನೋದಾ," ಎಂದರು, ತುಳುವಿನಲ್ಲಿ, ಸಣ್ಣ ದನಿಯಲ್ಲಿ. "ದೀಪ ಇಲ್ವಾ? ಯಾವಾಗಿನಿಂದ ಇಲ್ಲ?"

ರುಖಿಯಮ್ಮ ಹೋಗಿ ಪರದೆ ಸರ್ರನೆ ಎಳೆದರು. ಮಧ್ಯಾಹ್ನದ ಬಿಸಿಲು ಹಾಲಿಡೀ ತುಂಬಿತು. ಅಡ್ಡಬಿದ್ದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು. ಜಲಜಾಕ್ಷಿಯ ರೆಪ್ಪೆ ಬಡಿಯಲಿಲ್ಲ. ಎಣ್ಣೆಯ ಬೆರಳನ್ನು ಗಾಳಿಯಲ್ಲಿ ಹಾಗೆಯೇ ಹಿಡಿದುಕೊಂಡು, ಅವರು ಪುಟ್ಟ ಮಗುವಿನ ಹಾಗೆ ಹೆದರಿ ಅತ್ತರು. ಅದನ್ನು ಎಲ್ಲರೂ ನೋಡಿದರು. ಮಾಸ್ಟ್ರು ಮೈಕನ್ನು ಕೆಳಗಿಟ್ಟರು.

ಶಂಭು ತಾಯಿಯನ್ನು ಎತ್ತಿಕೊಂಡೇ ಮೆಟ್ಟಿಲು ಇಳಿದ. ಇಳಿಯುವಾಗಲೂ ಒಬ್ಬಳು ಆ ಕಾಲು ಮುಟ್ಟಲು ಕೈ ಚಾಚಿದಳು, ವಿನೋದಾ ಆ ಕೈಗೆ ಬಾರಿಸಿದಳು. ಕಾರಿನ ಬಾಗಿಲ ಬಳಿ ಶಂಭು, "ನನಗೆ ಗೊತ್ತಿರ್ಲಿಲ್ಲ ವಿನೋದಾ," ಎಂದ.

"ನಾನು ನಿನ್ನೆ ಹೇಳಿದೆ."

ಅವನು ತಲೆ ತಗ್ಗಿಸಿ ಮುಂದಿನ ಸೀಟಿನಲ್ಲಿ ಕೂತ. ಫೈಝಲ್ ಸೋಮವಾರಕ್ಕೆ ಕಾಯಲಿಲ್ಲ, ಕಾರನ್ನು ನೇರ ಮಂಗಳೂರಿಗೆ ಬಿಟ್ಟ.

ಎಡಗಣ್ಣು ಉಳಿಯಿತು. ಪೂರ್ತಿ ಅಲ್ಲ. ಬದಿಯದ್ದು ಕಾಣುವುದಿಲ್ಲ, ನೇರ ಎದುರಿಗಿದ್ದದ್ದು ಕಾಣುತ್ತದೆ. ಒಂದು ವಾರ ಮೊದಲು ಬಂದಿದ್ದರೆ ಎಂದು ಅಲ್ಲಿನ ಡಾಕ್ಟರು ಶುರು ಮಾಡಿದ್ದನ್ನು ವಿನೋದಾ, ಸಾಕು ಸರ್ ಎಂದು ತಡೆದಳು. ಮಾಸ್ಟ್ರು ಆಸ್ಪತ್ರೆಗೆ ಬಂದರು. ತಪ್ಪಾಯ್ತು ವಿನೋದಕ್ಕ ಎಂದರು. ಕಣ್ಣಲ್ಲಿ ನೀರಿತ್ತು, ಅದು ನಿಜದ್ದೇ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳು ಕ್ಷಮಿಸುತ್ತಿದ್ದಳೋ ಏನೋ. ಆದರೆ ಅಭ್ಯಾಸಬಲ, ಕ್ಷಮಾ ಎಂದರೆ ಭೂಮಿ ಎಂದೂ ಅರ್ಥವುಂಟು ಎಂದು ಬಾಯಿ ತೆರೆದರು. ವಿನೋದಾ ಎದ್ದು ಬಾಗಿಲು ತೋರಿಸಿದಳು.

ವಾಟ್ಸಪ್ಪಿನಲ್ಲಿ ಮಾತ್ರ ಕಥೆ ಬೇರೆಯೇ ಓಡಿತು. ತೋಡಾರಿನ ಜ್ಯೋತಿ ಅಮ್ಮ ಮೌನಕ್ಕೆ ಇಳಿದಿದ್ದಾರೆ, ಯಾರೂ ಅವರ ಶಾಂತಿ ಕೆಡಿಸಬಾರದು. ನಂದಿದ ದೀಪದಲ್ಲಿ ಜ್ಯೋತಿ ಕಂಡ ತಾಯಿ ಎಂಬ ವಿಡಿಯೋವನ್ನು ಎಷ್ಟು ಜನ ನೋಡಿದರೋ! ಅದರಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಪರದೆ ಎಳೆದ ಮೇಲಿನದ್ದನ್ನು ಯಾವನೋ ಕತ್ತರಿಸಿ ಬಿಸಾಡಿದ್ದ. ಅಂಗಡಿಗೆ ಬಂದ ಹುಡುಗಿಯೊಬ್ಬಳು, ಅಕ್ಕಾ ನಿಮ್ಮ ಅಮ್ಮನ ಫೋಟೋ ನಮ್ಮ ದೇವರ ಕೋಣೆಯಲ್ಲುಂಟು ಎಂದಳು. ವಿನೋದಾ ಅವಳ ಬ್ಲೌಸಿನ ಬಟ್ಟೆಯನ್ನು ಅವಳ ಕೈಗೇ ವಾಪಸು ಕೊಟ್ಟು, ಬೇರೆ ಟೈಲರನ್ನು ನೋಡಿಕೋ ಎಂದಳು.

ಜಲಜಾಕ್ಷಿ ಈಗ ಶಿರ್ತಾಡಿಯ ಮನೆಯಲ್ಲಿದ್ದಾರೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಉಣ್ಣು ಎಂದರೆ ಉಣ್ಣುತ್ತಾರೆ, ಮಲಗು ಎಂದರೆ ಮಲಗುತ್ತಾರೆ, ತಾವಾಗಿ ಒಂದು ಮಾತಿಲ್ಲ. ವಿನೋದಾಳಿಗೆ ಅದು ಸಹಿಸಲಾಗಲಿಲ್ಲ. ಇಷ್ಟು ಒದ್ದಾಡಿ ಉಳಿಸಿದ ಕಣ್ಣು, ಅದರ ಮೇಲೆ ಈ ಮುನಿಸು ಬೇರೆ! ಒಂದು ಬೆಳಿಗ್ಗೆ ಅಂಗಡಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡೇ ಜಗಲಿಯಲ್ಲಿ ತಿರುಗಿ ನಿಂತಳು.

"ಎಂತ ಅಮ್ಮಾ ನಿನ್ನದು? ಕಣ್ಣು ಕಾಣ್ತದಾ ಇಲ್ವಾ? ಅದಾದ್ರೂ ಬಾಯಿ ಬಿಟ್ಟು ಹೇಳು."

"ಕಾಣ್ತದೆ," ಎಂದರು ಜಲಜಾಕ್ಷಿ. "ಗೇಟಿನವರೆಗೂ ಕಾಣ್ತದೆ. ಯಾರೂ ಇಲ್ಲ."

"ಯಾರು ಬರಬೇಕಿತ್ತು? ಆ ಕಳ್ಳರಾ? ನಿನ್ನ ಕಣ್ಣು ತೆಗೆದವರಾ? ನಾನಿಲ್ವಾ ಇಲ್ಲಿ? ಇಷ್ಟು ವರ್ಷ ನಿನ್ನ ಜೊತೆ ಇರುವವಳು ಯಾರು?" ವಿನೋದಾಳ ದನಿ ರಸ್ತೆ ದಾಟಿತು, ರುಖಿಯಮ್ಮ ಬಾಗಿಲಿಗೆ ಬಂದು ಇಣುಕಿದರು.

ಜಲಜಾಕ್ಷಿ ಕನ್ನಡಕ ತೆಗೆದರು. ಬದಿಯಿಂದ ಕಾಣದಲ್ಲ, ಅದಕ್ಕೆ ಇಡೀ ಮುಖವನ್ನೇ ಮಗಳ ಕಡೆ ತಿರುಗಿಸಿದರು. ಅವರ ದನಿಯಲ್ಲಿ ಸಿಟ್ಟಿತ್ತು. ಅಷ್ಟು ವರ್ಷದಲ್ಲಿ ವಿನೋದಾ ತಾಯಿಯಲ್ಲಿ ಕಂಡಿರದ ಸಿಟ್ಟು.

"ನೀನಿದ್ದೀ. ಯಾರು ಇಲ್ಲ ಅಂತ ಹೇಳಿದ್ದು? ನಿನ್ನ ಅಪ್ಪ ಇದ್ರು, ಶಂಭು ಇದ್ದ, ನೀನಿದ್ದೀ. ನಿನಗೆ ಎಂತ ಕಾಣ್ತದೆ ಅಂತ ನೀವು ಒಬ್ಬರಾದ್ರೂ ಒಂದು ದಿನ ನನ್ನ ಹತ್ರ ಕೇಳಿದ್ದುಂಟಾ? ಅವರು ಕೇಳಿದ್ರು."

ವಿನೋದಾ ಚಪ್ಪಲಿ ಕಳಚಿ ತಾಯಿಯ ಎದುರು ಕೂತಳು. ರುಖಿಯಮ್ಮ ಎದುರು ಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡರು.